ಹದಿನೇಳನೆಯ ಜೋಡಣೆ

ಲಾ ಪಲೋಮಾ, ಉರುಗ್ವೆ
11 ಮಾರ್ಚ್ 2019

ಮಗಳೇ ಯಾನಿನಾ,

ಫೋನು, ಕಂಪ್ಯೂಟರು ಎಲ್ಲ ಇರುವಾಗ ಮುದುಕ ಕಾಗದದಲ್ಲಿ ಬರೆದಿದ್ದಾನೆ, ತಲೆ ಕೆಟ್ಟಿರಬೇಕು ಅಂದುಕೊಳ್ಳಬೇಡ. ಕಂಪನಿಯ ವಿಳಾಸಕ್ಕೆ ಕಳಿಸಿದ್ದನ್ನು ನಿನಗಿಂತ ಮೊದಲು ನಾಲ್ಕು ಜನ ಓದುತ್ತಾರೆ. ಇದನ್ನಾದರೆ ಬಸಿಲಿಯೋ ಒಬ್ಬನೇ ಓದಲು ನೋಡುವುದು. ಅಂಚೆ ಕಚೇರಿಯ ಬಸಿಲಿಯೋ, ದಿನಾ ಬೆಳಿಗ್ಗೆ ನನ್ನ ಅಡುಗೆಮನೆಗೆ ಮಾಟೆ ಚಹಾ ಹೀರಲು ಬರುತ್ತಾನಲ್ಲ, ಅವನೇ. ನಾನು ಗೋಂದು ಜಾಸ್ತಿ ಹಚ್ಚುತ್ತೇನೆ.

ವಿಷಯಕ್ಕೆ ಬರುತ್ತೇನೆ. ಹೊಸ ಯಜಮಾನರು ಒಂದು ಪರಿಶೀಲನಾ ಸಮಿತಿ ಮಾಡಿದ್ದಾರೆ, ನಿನಗೆ ಗೊತ್ತಿರಬಹುದು. ಅವರಿಂದ ನನಗೆ ಮೂರು ಪುಟದ ಕಾಗದ ಬಂದಿದೆ, ಪೂರ್ತಿ ಇಂಗ್ಲಿಷಿನಲ್ಲಿ. ನೌಕಾ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು ನಾನು, ಆದರೆ ಈಗ ಉಳಿದಿರುವುದು ವಾಕ್ಯಗಳ ಮೊದಲರ್ಧ ಮಾತ್ರ. 'ವಿತ್ ರೆಫರೆನ್ಸ್ ಟು' ಅಂತ ಗತ್ತಿನಿಂದ ಶುರುಮಾಡಬಲ್ಲೆ. ಆಮೇಲೆ ದಡ ಕಾಣುವುದಿಲ್ಲ. ಬಸಿಲಿಯೋ ಬಗ್ಗಿ ನೋಡಿ, "ನಿನ್ನ ಇಂಗ್ಲಿಷ್ ಕೇಳಿದ್ರೆ ಇಂಗ್ಲಿಷಿನವರೇ ಹಡಗಿಂದ ಹಾರ್ಕೋತಾರೆ, ಡಿಕ್ಷನರಿ ತರ್ಲಾ?" ಅಂದ. ಡಿಕ್ಷನರಿ ಇಟ್ಟುಕೊಂಡು ಕೂತೆವು. ಅವನಿಗೆ ನಮ್ಮ ಕೆಲಸವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ಎರಡು ಟ್ಯಾಂಕರುಗಳು ನಡುಗಡಲಲ್ಲಿ, ನಡೆಯುತ್ತಿರುವಾಗಲೇ, ಪಕ್ಕಪಕ್ಕ ಬರುತ್ತವೆ. ನಡುವೆ ಬಸ್ಸಿನಷ್ಟು ದಪ್ಪದ ಗಾಳಿ ತುಂಬಿದ ರಬ್ಬರ್ ಫೆಂಡರುಗಳು. ಹಗ್ಗ ಕಟ್ಟಿ, ಕೊಳವೆ ಜೋಡಿಸಿ, ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ದಾಟಿಸುವುದು. ಎರಡಕ್ಕೂ ಬೇರೆಬೇರೆ ಕ್ಯಾಪ್ಟನ್, ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಅವರಿಬ್ಬರ ನಡುವೆ ನಿಂತು ಯಾವಾಗ ಹತ್ತಿರ ಬರಬೇಕು, ಯಾವಾಗ ಬೇಡ ಅಂತ ಹೇಳುವವನೇ ಮೂರಿಂಗ್ ಮಾಸ್ಟರ್. "ಅಂದ್ರೆ ಮದುವೆ ದಲ್ಲಾಳಿ" ಅಂದ ಬಸಿಲಿಯೋ. ಹಾಗೇ ಇರಲಿ ಅಂದೆ.

ಸಮಿತಿ ಕೇಳಿರುವುದು ಇಷ್ಟು: ನಿನಗೆ ಮೂರಿಂಗ್ ಮಾಸ್ಟರ್ ಕಾರ್ಡು ಕೊಡಬೇಕಾದರೆ ಇಪ್ಪತ್ತನಾಲ್ಕು ಜೋಡಣೆಗಳನ್ನು ನೀನು ನಡೆಸಿರಬೇಕು, ಪ್ರತಿಯೊಂದರಲ್ಲೂ ಹಿರಿಯನೊಬ್ಬ ಪಕ್ಕದಲ್ಲೇ ನಿಂತು ನೋಡಿರಬೇಕು. ನಿನ್ನ ಪುಸ್ತಕದಲ್ಲಿ ಸರಿಯಾಗಿ ಇಪ್ಪತ್ತನಾಲ್ಕಿವೆ. ಅಷ್ಟಕ್ಕೂ ಸಹಿ ನನ್ನದೇ. ನಾನು ನಿವೃತ್ತನಾದ ಮೇಲೆ ನಿನ್ನನ್ನು ದಡದ ಕಚೇರಿಯಲ್ಲಿ ಕೂರಿಸಿಬಿಟ್ಟರು, ಇಪ್ಪತ್ತೈದನೆಯದು ಆಗಲೇ ಇಲ್ಲ. ಆದ್ದರಿಂದ ಒಂದು ಬಿದ್ದರೂ ಕಾರ್ಡು ಹೋಯಿತು, ಸೆಪ್ಟೆಂಬರಿಗೆ ಖಾಲಿಯಾಗುವ ವಿಟೋರಿಯಾದ ಜಾಗವೂ ಹೋಯಿತು. ಒಂದೊಂದನ್ನೂ ನಾನು ಬರೆದು ದೃಢಪಡಿಸಬೇಕಂತೆ. ಖಂಡಿತ ಬರೆಯುತ್ತೇನೆ.

ಒಂದು ಸಣ್ಣ ಮಾತು. ಹದಿನೇಳನೆಯದು, 2017ರ ಜೂನ್ ಒಂಬತ್ತನೇ ತಾರೀಖಿನದು. ಹಗ್ಗ ಕಟ್ಟಿ ಮುಗಿಸಿದ್ದು ನಲವತ್ತು ನಿಮಿಷ ತಡ ಅಂತ ಇದೆ. ಆ ದಿನದ್ದು ಏನಾದರೂ ನೆನಪಿದ್ದರೆ ಬರಿ. ಸುಮ್ಮನೆ ಕೇಳಿದೆ.

ಇಲ್ಲಿ ಸೆಖೆ ಇಳಿಯುತ್ತಾ ಬಂತು. ರಜೆಗೆ ಬಂದವರೆಲ್ಲ ಹೋದರು, ಊರು ಮತ್ತೆ ನಮ್ಮದಾಗಿದೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ.

ನಿನ್ನ
ವಾಲ್ದೆಮಾರ್ ಬೆಂಟಾಂಕೋರ್


ವಿಟೋರಿಯಾ, ಬ್ರೆಜಿಲ್
2 ಏಪ್ರಿಲ್ 2019

ಪ್ರೀತಿಯ ದೋನ್ ವಾಲ್ದೆಮಾರ್,

ನಿಮ್ಮ ಕೈಬರಹ ನೋಡಿ ಎಷ್ಟು ಖುಷಿಯಾಯಿತೆಂದರೆ, ಲಕೋಟೆಯನ್ನು ಹರಿಯಲು ಕತ್ತರಿ, ಚಾಕು, ಕೊನೆಗೆ ಹಲ್ಲು ಬೇಕಾದರೂ ಬೇಸರವಾಗಲಿಲ್ಲ. ಗೋಂದು ಸ್ವಲ್ಪ ಕಡಿಮೆ ಮಾಡಿ.

ಸಮಿತಿಯ ವಿಚಾರ ಇಲ್ಲೂ ಎಲ್ಲರ ಬಾಯಲ್ಲಿದೆ. ಕಚೇರಿಯಲ್ಲಿ ಕೂತು ಬೇರೆಯವರ ಜೋಡಣೆಗಳಿಗೆ ದೋಣಿ, ಫೆಂಡರು, ಹವಾಮಾನ ವರದಿ ಹೊಂದಿಸಿ ಹೊಂದಿಸಿ ನನಗೆ ಸಾಕಾಗಿದೆ. ಕಿಟಕಿಯಿಂದ ಹಡಗು ಕಾಣುತ್ತದೆ, ಅಷ್ಟೇ. ಆ ಜಾಗ ನನಗೆ ಬೇಕು. ನಿಮ್ಮ ಹತ್ತಿರ ಮುಚ್ಚಿಡುವುದೇನು.

ಜೂನ್ ಒಂಬತ್ತರ ಬಗ್ಗೆ ವಿಶೇಷವೇನೂ ಇಲ್ಲ. ಗಾಳಿ ಹದಿನಾಲ್ಕು ನಾಟ್, ಅಲೆ ಒಂದೂವರೆ ಮೀಟರ್. ನೀವು ಎಂದಿನಂತೆ ನನ್ನ ಎಡಗಡೆ, ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ನಿಂತಿದ್ದಿರಿ. ಫೆಂಡರುಗಳನ್ನು ಕಟ್ಟುವುದು ತಡವಾಯಿತು, ನಲವತ್ತು ನಿಮಿಷ ಅದರದ್ದೇ. ದಯವಿಟ್ಟು ಅದಕ್ಕೆ ತಲೆ ಕೆಡಿಸಿಕೊಳ್ಳದೆ ದೃಢೀಕರಣ ಕಳಿಸಿಬಿಡಿ. ಮೇ ಕೊನೆಯೊಳಗೆ ಅವರಿಗೆ ತಲುಪಬೇಕು.

ಮೊಣಕಾಲಿಗೆ ಬಿಸಿನೀರಿನ ಚೀಲ ಇಡಿ. ಬಸಿಲಿಯೋಗೆ ನಮಸ್ಕಾರ.

ನಿಮ್ಮ
ಯಾನಿನಾ ಪ್ಲಾದಾ


ಲಾ ಪಲೋಮಾ
19 ಏಪ್ರಿಲ್ 2019

ಮಗಳೇ ಯಾನಿನಾ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಓದಿ ಮಡಚಿ, ಮತ್ತೆ ತೆಗೆದು ಓದಿ, ಹಿತ್ತಲಿಗೆ ಹೋಗಿ ಬಂದೆ. ಇವತ್ತು ಶುಭ ಶುಕ್ರವಾರ, ಅಂಚೆ ಕಚೇರಿ ಮುಚ್ಚಿದೆ, ಬಸಿಲಿಯೋ ತಂಗಿಯ ಮನೆಗೆ ಹೋಗಿದ್ದಾನೆ. ಇದನ್ನು ಬರೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ.

ನಾನು ನಿನ್ನ ಎಡಗಡೆ ಇರಲಿಲ್ಲ.

ನಮ್ಮ ಕಡೆಯ ಒಂದು ಅಭ್ಯಾಸ ನಿನಗೆ ಗೊತ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವತ್ತಿನ ಹಾಳೆಗಳಿಗೆಲ್ಲ ಸಹಿ ಹಾಕಿಬಿಡುವುದು. ಆಮೇಲೆ ಕೈಗೆ ಉಪ್ಪುನೀರು, ಗ್ರೀಸು, ಹೊರಗೆ ನಿಂತರೆ ಕಾಗದ ಗಾಳಿಗೆ ಹಾರುತ್ತದೆ. ನನಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು, ಮೂವತ್ತು ವರ್ಷ ನಾನೂ ಮಾಡಿದೆ. ಕೆಲಸ ಕೆಟ್ಟರೆ ಹಾಳೆ ಹರಿದು ಹೊಸದು ಬರೆದರಾಯಿತು ಅನ್ನುವ ಲೆಕ್ಕ. ಆ ದಿನವೂ 'ಜೋಡಣೆಯುದ್ದಕ್ಕೂ ಪಕ್ಕದಲ್ಲಿ ನಿಂತು ನೋಡಿದ್ದೇನೆ' ಅನ್ನುವ ಸಾಲಿನ ಕೆಳಗೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಮೊದಲೇ ಸಹಿ ಹಾಕಿದ್ದೆ.

ಎರಡು ಹಡಗುಗಳ ನಡುವೆ ಇನ್ನೂ ಒಂದು ಮೈಲಿ ಇದ್ದಾಗ ಅಡುಗೆಯವನು ಬಂದು ಕಿವಿಯಲ್ಲಿ ಹೇಳಿದ, ಕೆಳಗೆ ಫೋನಿದೆ, ಆಸ್ಪತ್ರೆಯಿಂದ ಅಂತ. ನಿನಗೆ, "ನೋಡ್ಕೋತಿರು, ಎರಡು ನಿಮಿಷ" ಅಂದೆ. ಇಳಿದು ಹೋದೆ. ನನ್ನ ಹೆಂಡತಿ ಮಿರ್ತಾಳೇ ಮಾತಾಡಿದಳು. ಹತ್ತು ದಿನದಿಂದ ನಾಲ್ಕು ಶಬ್ದಕ್ಕಿಂತ ಹೆಚ್ಚು ಆಡದವಳು ಅವತ್ತು ನಿಲ್ಲಿಸಲೇ ಇಲ್ಲ. ಹಿತ್ತಲಲ್ಲಿ ಅವರೆ ಬಿತ್ತುವುದು ತಡವಾಯಿತು ಅಂದಳು. ನನ್ನ ನೀಲಿ ಸ್ವೆಟರಿನ ಮೊಣಕೈ ಹರಿದಿದೆ, ಯಾರಿಗೂ ತೋರಿಸದೆ ಹಾಕಿಕೊಂಡು ಓಡಾಡುತ್ತೀಯ ಅಂದಳು. ಅವಳ ಅಕ್ಕನ ಮೇಲಿನ ಹಳೆಯ ಸಿಟ್ಟೊಂದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಡುವೆ ಎರಡು ಸಲ ಕೇಳಿದಳು, "ಹಡಗು ಬಂತೇನ್ರೀ?" ಅಂತ.

"ಇನ್ನೂ ದೂರ ಇದೆ ಕಣೇ, ಮಾತಾಡು" ಅಂದೆ.

ಹಡಗು ದೂರ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ನಮ್ಮ ಎಂಜಿನ್ನಿನ ಸದ್ದು ಕಾಲಡಿಯಲ್ಲಿ ಬದಲಾಗುತ್ತಿತ್ತು. ಅವಳ ಮಾತು ಮುಗಿದು ನಾನು ಮೇಲೆ ಬಂದಾಗ ಹಗ್ಗಗಳೆಲ್ಲ ಕಟ್ಟಾಗಿದ್ದವು, ನೀನು ಮುಖಕ್ಕೆ ಹತ್ತಿದ ಉಪ್ಪು ಒರೆಸಿಕೊಳ್ಳುತ್ತಿದ್ದೆ. ಏನಾಯಿತು ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಎರಡನೇ ದಿನಕ್ಕೆ ಅವಳು ತೀರಿಹೋದಳು. ಆ ಹಾಳೆಯನ್ನು ಹರಿಯಬೇಕಿತ್ತು ಅನ್ನುವುದು ಹೊಳೆದದ್ದೇ ಆರು ತಿಂಗಳ ಮೇಲೆ. ಆಮೇಲೆ ಹೊಳೆದದ್ದನ್ನೂ ಮರೆತೆ, ಅಥವಾ ಮರೆತವನ ಹಾಗಿದ್ದೆ.

ಈಗ ನೀನು ಫೆಂಡರು ತಡವಾಯಿತು ಅನ್ನುತ್ತೀಯ. ಇಲ್ಲ ಮಗಳೇ. ನಾನು ಕೆಳಗಿಳಿಯುವಾಗಲೇ ನಾಲ್ಕು ಫೆಂಡರೂ ಪಕ್ಕದಲ್ಲಿ ಸಾಲಾಗಿ ತೇಲುತ್ತಿದ್ದವು, ನಾನೇ ಎಣಿಸಿದ್ದೆ. ಹಾಗಾದರೆ ಆ ನಲವತ್ತು ನಿಮಿಷ ಏನಾಯಿತು? ಹಡಗುಗಳು ಒಂದಕ್ಕೊಂದು ತಾಗಿದವೇ? ಕಟಕಟೆ ಬಾಗಿತೇ, ತಗಡು ತಗ್ಗಾಯಿತೇ? ಎರಡೂ ಕಡೆಯವರು ಸೇರಿ ಬಣ್ಣ ಬಳಿದು ಮುಚ್ಚಿದರೇ? ಅಂಥದ್ದು ನಡೆಯುತ್ತದೆ, ನಾನು ಕಂಡಿದ್ದೇನೆ. ಹಾಗಾಗಿದ್ದರೂ ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಬಿಟ್ಟು ಹೋದವನು ನಾನು. ಆದರೆ ತಿಳಿಯದೆ ಸಹಿ ಹಾಕಲಾರೆ. ಒಮ್ಮೆ ಹಾಕಿ ಆಗಿದೆ.

ನಿಜ ಬರಿ.

ವಾಲ್ದೆಮಾರ್


ಲಾ ಪಲೋಮಾ
23 ಮೇ 2019

ಮಗಳೇ,

ಐದು ವಾರ ಆಯಿತು, ನಿನ್ನಿಂದ ಒಂದು ಸಾಲಿಲ್ಲ. ಬಸಿಲಿಯೋ ದಿನಾ ಬಾಗಿಲಲ್ಲೇ ಕೈ ಬಿಡಿಸಿ ತೋರಿಸುತ್ತಾನೆ, ಖಾಲಿ ಅಂತ. ನಿನ್ನೆ, "ಆ ಹುಡುಗಿಗೆ ಅಷ್ಟುದ್ದ ಏನು ಬರ್ದೆ ಮಾರಾಯ? ಲಕೋಟೆ ತೂಗಿದಾಗ್ಲೇ ನನಗೆ ಅನುಮಾನ ಇತ್ತು" ಅಂದ. ಮಾಟೆ ಕಹಿಯಾಗಿದೆ ಅಂತ ಹೇಳಿ ಮಾತು ಬದಲಾಯಿಸಿದೆ.

ನನಗೆ ಅರ್ಥವಾಯಿತು ಅಂತಲೇ ಅಂದುಕೊಳ್ಳುತ್ತೇನೆ. ತಾಗಿದೆ. ನಿನಗೆ ಆಗ ಮೂವತ್ತೆರಡು ವರ್ಷ, ಪಕ್ಕದಲ್ಲಿ ಯಾರೂ ಇಲ್ಲ, ಎರಡು ಕಡೆಯೂ ದೊಡ್ಡ ಗಂಟಲಿನ ಕ್ಯಾಪ್ಟನ್ನುಗಳು. ಯಾರಿಗಾದರೂ ಆಗುತ್ತಿತ್ತು. ನನ್ನ ಐದನೆಯ ಜೋಡಣೆಯಲ್ಲಿ ನಾನು ಇಡೀ ಒಂದು ಜೀವರಕ್ಷಕ ದೋಣಿಯನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಪುಡಿಮಾಡಿದ್ದೆ. ಅದನ್ನು ನಿನಗೆ ಯಾಕೆ ಹೇಳಿರಲಿಲ್ಲವೋ ಗೊತ್ತಿಲ್ಲ. ಹೇಳಿದ್ದರೆ ನೀನೂ ಹೇಳುತ್ತಿದ್ದೆಯೇನೋ.

ನಾನು ಕುಳಿತು ಇಪ್ಪತ್ತನಾಲ್ಕನ್ನೂ ದೃಢೀಕರಿಸಿ ಬರೆದುಬಿಟ್ಟೆ. 'ಐ ಹಿಯರ್‌ಬೈ' ಅಂತ ಶುರುವಾಗುತ್ತದೆ, ಮುಂದಿನದು ಡಿಕ್ಷನರಿಯ ಕೃಪೆ. ಲಕೋಟೆ ಅಂಟಿಸಿ ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಸಮಿತಿಗೆ ಮೊಣಕಾಲಿನ ನೆಪ ಹೇಳಿ ಜೂನ್ ಕೊನೆಯವರೆಗೆ ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ನೀನು 'ಕಳಿಸಿ' ಅಂತ ಒಂದು ಶಬ್ದ ಬರೆದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಇದು ನಾನು ನಿನಗೆ ಕೊಡಬೇಕಾದದ್ದು. ನಿನ್ನನ್ನು ಅಲ್ಲಿ ಒಂಟಿಯಾಗಿ ಬಿಟ್ಟದ್ದಕ್ಕೆ.

ಮೂರು ದಿನದಿಂದ ಪಂಪೇರೋ ಗಾಳಿ ಬೀಸುತ್ತಿದೆ. ಒಣಹಾಕಿದ ಟವೆಲ್ಲೊಂದು ಪಕ್ಕದ ಬೀದಿಯಲ್ಲಿ ಸಿಕ್ಕಿತು.

ವಾಲ್ದೆಮಾರ್


ವಿಟೋರಿಯಾ
8 ಜೂನ್ 2019

ಪ್ರೀತಿಯ ದೋನ್ ವಾಲ್ದೆಮಾರ್,

ಮೂರು ಸಲ ಬರೆದು ಹರಿದೆ. ಅದಕ್ಕೇ ತಡ. ನಿಮ್ಮ ಇನ್ನೊಂದು ಕಾಗದವೂ ಬಂದ ಮೇಲೆ ಇನ್ನು ಹರಿದರೆ ತಪ್ಪಾಗುತ್ತದೆ ಅನ್ನಿಸಿತು.

ತಾಗಲಿಲ್ಲ. ಒಂದು ಇಂಚೂ ಎಲ್ಲೂ ತಾಗಲಿಲ್ಲ.

ನೀವು ಕೆಳಗಿಳಿದದ್ದು ನನಗೆ ಗೊತ್ತು. ಯಾಕೆ ಅಂತಲೂ ಗೊತ್ತಿತ್ತು. ಅಡುಗೆಯವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಐದು ನಿಮಿಷ ಆದಮೇಲೆ ನಮ್ಮ ಹಡಗಿನ ಕ್ಯಾಪ್ಟನ್ ರೊಗೆಲಿಯೋ, "ಯಜಮಾನರು ಎಲ್ಲಿ?" ಅಂದರು. ಹೊಟ್ಟೆ ಕೆಟ್ಟಿದೆ, ಈಗ ಬರ್ತಾರೆ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು. ತುಂಬಾ ಕೆಟ್ಟಿದೆ ಅಂದೆ.

ಆಗ ನಡುವೆ ನಾನೂರು ಮೀಟರ್ ಇತ್ತು. ದೊಡ್ಡ ಹಡಗು ಐದು ನಾಟ್ ವೇಗದಲ್ಲಿ ನೇರ ಹೋಗುತ್ತಿರಬೇಕು, ನಾವು ಅದರ ಬಲ ಮಗ್ಗುಲಿಗೆ ಮೆಲ್ಲಗೆ ಸೇರಬೇಕು. ರೇಡಿಯೋದಲ್ಲಿ ಆ ಕ್ಯಾಪ್ಟನ್ ಕೇಳಿದ್ದಕ್ಕೆಲ್ಲ ಯೆಸ್ ಯೆಸ್ ಅನ್ನುತ್ತಿದ್ದ. ದಿಕ್ಕು ಸ್ಥಿರವಾಗಿದೆಯಾ, ಯೆಸ್. ವೇಗ ಅಷ್ಟೇ ಇದೆಯಾ, ಯೆಸ್. ನೀವು ಮೊದಲ ದಿನವೇ ಹೇಳಿದ್ದಿರಿ, ಹೌದು ಅಂತ ಉತ್ತರ ಬರಬಹುದಾದ ಪ್ರಶ್ನೆಯನ್ನು ಸಮುದ್ರದಲ್ಲಿ ಕೇಳಲೇಬಾರದು, ಸಂಖ್ಯೆ ಕೇಳಬೇಕು ಅಂತ. ನೂರೈವತ್ತು ಮೀಟರಿಗೆ ಬಂದಾಗ ಅದರ ಮೂತಿ ಸ್ವಲ್ಪ ತೂಗಾಡಿದ ಹಾಗೆ ಕಂಡಿತು. ನಿಮಗಾದರೆ ಖಾತ್ರಿ ಇರುತ್ತಿತ್ತು. ನನಗಿರಲಿಲ್ಲ.

"ಕ್ಯಾಪ್ಟನ್, ನಿಮ್ಮ ಚುಕ್ಕಾಣಿ ಈಗ ಎಷ್ಟು ಡಿಗ್ರಿ?" ಅಂದೆ.

"ಎಲ್ಲ ಸರಿಯಾಗಿದೆ ಮೇಡಂ."

"ಸರಿಯಾಗಿದೆಯಾ ಅಂತ ಕೇಳ್ಲಿಲ್ಲ. ಎಷ್ಟು ಡಿಗ್ರಿ?"

ಆಮೇಲೆ, "ಬಲಕ್ಕೆ ಹದಿನೆಂಟು" ಅಂದ.

ನೇರ ಹೋಗುವ ಹಡಗಿಗೆ ಮೂರು ಡಿಗ್ರಿ ಸಾಕು. ಹದಿನೆಂಟು ಬೇಕಾಗಿದೆ ಅಂದರೆ ಅದು ಚುಕ್ಕಾಣಿಯ ಮಾತು ಕೇಳುವಷ್ಟು ಓಡುತ್ತಿಲ್ಲ. ಎಂಜಿನ್ ಬಿಸಿಯಾಗಿ ವೇಗ ಇಳಿಸಿದ್ದರು, ಹೇಳಲು ನಾಚಿಕೆ. ನಾನು ಕ್ಯಾಪ್ಟನ್ ರೊಗೆಲಿಯೋಗೆ ಹೇಳಿದೆ, ಬಿಟ್ಟುಬಿಡೋಣ, ಬಲಕ್ಕೆ ಹೊರಳಿಸಿ ಅಂತ. ಅವರು ನನ್ನ ಮುಖ ನೋಡಿದರು. ಮೆಟ್ಟಿಲಿನ ಕಡೆ ನೋಡಿದರು, ನೀವು ಬರುತ್ತೀರೇನೋ ಅಂತ. ಇನ್ನೊಮ್ಮೆ ಹೇಳಿದೆ. ಹೊರಳಿಸಿದರು. ದೊಡ್ಡದೊಂದು ಸುತ್ತು ಹಾಕಿದೆವು, ಅವರು ಎಂಜಿನ್ ಸರಿಮಾಡಿಕೊಂಡರು, ಎರಡನೆಯ ಸಲ ಹೋಗಿ ಸೇರಿದೆವು. ನಲವತ್ತು ನಿಮಿಷ ಅದು.

ಬರೆಯಲಿಲ್ಲ, ಯಾಕೆಂದರೆ ಅರ್ಧಕ್ಕೆ ಬಿಟ್ಟೆವು ಅಂತ ಬರೆದರೆ, ಮೂರಿಂಗ್ ಮಾಸ್ಟರ್ ಆಗ ಏನು ಹೇಳಿದರು ಅಂತ ಮೊದಲು ಕೇಳುತ್ತಾರೆ. ಆ ವಾರವೇ ಮಿರ್ತಾ ಅಮ್ಮನ ಮಣ್ಣಿಗೆ ಬಂದೆ. ನೀವು ನನ್ನ ಕೈ ಹಿಡಿದುಕೊಂಡು ಅವರೆಕಾಯಿಯ ವಿಚಾರ ಏನೋ ಹೇಳುತ್ತಿದ್ದಿರಿ. ಅವತ್ತು ಯಾರು ಬರೆಯುತ್ತಾರೆ ಅದನ್ನು. ನಾನು ಬಚ್ಚಿಟ್ಟದ್ದು ನನ್ನ ತಪ್ಪನ್ನು ಅಂದುಕೊಂಡಿರಿ ನೀವು. ಬಚ್ಚಿಟ್ಟದ್ದು ನಿಮ್ಮನ್ನು.

ಇನ್ನೊಂದು ಮಾತು, ಬರೆಯಲು ಸಂಕೋಚ. ಉಳಿದ ಇಪ್ಪತ್ತಮೂರರಲ್ಲಿ ನಿಮ್ಮ ಉಸಿರು ನನ್ನ ಕಿವಿಯ ಪಕ್ಕ ಇತ್ತು. ಆ ಒಂದು ಮಾತ್ರ ನನ್ನದು.

ಈಗ ಗೊತ್ತಾಯಿತಲ್ಲ. ಫ್ರಿಜ್ಜಿನ ಮೇಲಿನದ್ದು ಕಳಿಸಿ. ಯಾರಿಗೂ ನಷ್ಟವಿಲ್ಲ.

ನಿಮ್ಮ
ಯಾನಿನಾ


ಲಾ ಪಲೋಮಾ
24 ಜೂನ್ 2019

ಮಗಳೇ ಯಾನಿನಾ,

ಅವತ್ತು ಸಂಜೆ ಕ್ಯಾಪ್ಟನ್ ರೊಗೆಲಿಯೋ ನನ್ನ ಕೋಣೆಗೆ ಒಂದು ಪಾತ್ರೆ ಶುಂಠಿ ಕಷಾಯ, ಉಪ್ಪಿಲ್ಲದ ಗಂಜಿ ಕಳಿಸಿದ್ದ. ಬೆನ್ನು ತಟ್ಟಿ, ಈ ವಯಸ್ಸಲ್ಲಿ ಕರಿದದ್ದು ಕಡಿಮೆ ಮಾಡಿ ಅಂತ ಬುದ್ಧಿವಾದವನ್ನೂ ಹೇಳಿದ. ದುಃಖದಲ್ಲಿರುವವರಿಗೆ ಅವನ ದೇಶ ಫಿಲಿಪ್ಪೀನ್ಸಿನಲ್ಲಿ ಹೀಗೆ ಮಾಡುತ್ತಾರೇನೋ ಅಂತ ಎರಡು ವರ್ಷ ಅಂದುಕೊಂಡಿದ್ದೆ. ಬಹಳ ದಿನದ ಮೇಲೆ ಒಬ್ಬನೇ ನಕ್ಕೆ.

ಆಮೇಲೆ ಫ್ರಿಜ್ಜಿನ ಮೇಲಿನ ಲಕೋಟೆ ತೆಗೆದು ಒಲೆಗೆ ಹಾಕಿದೆ. ಸಿಟ್ಟಾಗುತ್ತೀಯ, ಗೊತ್ತು. ಮೊದಲು ಪೂರ್ತಿ ಓದು.

ಇಪ್ಪತ್ತಮೂರಕ್ಕೆ ದೃಢೀಕರಣ ಬರೆದೆ. ಹದಿನೇಳನೆಯದಕ್ಕೆ ಬೇರೆಯೇ ಹಾಳೆ. ನಾನು ಎಲ್ಲಿದ್ದೆ, ಎಷ್ಟು ಹೊತ್ತು, ಸಹಿ ಯಾವಾಗ ಹಾಕಿದ್ದೆ, ನೀನು ಏನು ಕೇಳಿದೆ, ಅವನು ಏನು ಹೇಳಿದ, ನೀನು ಏನು ಮಾಡಿದೆ, ಎಲ್ಲ ಬರೆದೆ. ಕ್ಯಾಪ್ಟನ್ ರೊಗೆಲಿಯೋನ ವಿಳಾಸ ಹುಡುಕಿ ಕೊಟ್ಟಿದ್ದೇನೆ, ಕೇಳಿಕೊಳ್ಳಲಿ. ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಒದ್ದಾಡಿದೆ. ಕಾಲೇಜಿನಲ್ಲಿ ಕಲಿತ ದೊಡ್ಡ ದೊಡ್ಡ ಮಾತುಗಳು ಒಂದೂ ಪೂರ್ತಿ ನೆನಪಿಗೆ ಬರಲಿಲ್ಲ. ಕೊನೆಗೆ ಖಾತ್ರಿಯಿದ್ದ ಎರಡು ವಾಕ್ಯಗಳನ್ನು ಎಲ್ಲಕ್ಕಿಂತ ಮೇಲೆ ಬರೆದೆ. 'ಐ ವಾಸ್ ನಾಟ್ ದೇರ್. ಶಿ ವಾಸ್ ದೇರ್.' ನಾನು ಅಲ್ಲಿರಲಿಲ್ಲ, ಅವಳಿದ್ದಳು. ಬಸಿಲಿಯೋ ಅದನ್ನು ಎರಡು ಸಲ ಓದಿದ. ರಿಜಿಸ್ಟರ್ಡ್ ಅಂಚೆಯ ಚೀಟಿ ಅಂಟಿಸಿ, ಮುದ್ರೆ ಒತ್ತಿ, ಚೀಲಕ್ಕೆ ಹಾಕಿದ.

ಯಾರಿಗೂ ನಷ್ಟವಿಲ್ಲ ಅಂದೆ ನೀನು. ಯೋಚಿಸಿದೆ. ನೀನು ಮುಂದೆ ಮಾಡಬೇಕಾದ ಕೆಲಸ ಏನು? ಮುಖ ನೋಡದ ಇಬ್ಬರ ಬಾಯಿಂದ ನಿಜವಾದ ಸಂಖ್ಯೆ ಹೊರಡಿಸುವುದು. ಎಂಜಿನ್ ಬಿಸಿಯಾಗಿದೆ ಅಂತ ಹೇಳಲು ನಾಚುವವನಿಂದ ಹೇಳಿಸುವುದು. ಅಂಥವಳ ಕಾರ್ಡಿನಲ್ಲಿ ನನ್ನ ಒಂದು ಸುಳ್ಳು ಸಂಖ್ಯೆ ಕೂತಿದ್ದರೆ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ಸರಿ. ನಿನಗೆ ಗೊತ್ತಿರುತ್ತದೆ. ನೂರೈವತ್ತು ಮೀಟರಿನಲ್ಲಿ ನಿಂತು ಇನ್ನೊಬ್ಬನನ್ನು ನಿಜ ಕೇಳುವಾಗ ಒಂದು ಕ್ಷಣ ತಡವರಿಸುತ್ತೀಯ. ಆ ಒಂದು ಕ್ಷಣದ ಹೆದರಿಕೆ ನನಗೆ.

ಇನ್ನೊಂದು ಕಾರಣವೂ ಇದೆ, ಅದು ಬರೀ ಮುದುಕನ ಜಂಬ. ನಾನು ಕಲಿಸಿದವಳು ನಾನಿಲ್ಲದೆ ಒಂದು ಹಡಗನ್ನು ತಡೆದು ತಿರುಗಿಸಿದಳು ಅನ್ನುವುದು ಈ ಲೋಕದಲ್ಲಿ ಎಲ್ಲೋ ಒಂದು ಕಡೆ ಬರಹದಲ್ಲಿರಬೇಕು. ಅದನ್ನು ನನ್ನ ಸುಳ್ಳು ಸಹಿಯ ಕೆಳಗೆ ಹೂತಿಡಲು ಮನಸ್ಸು ಒಪ್ಪಲಿಲ್ಲ.

ಜಾಗ ಕೈತಪ್ಪಿದರೆ ಅದು ನನ್ನ ಕೈಯಿಂದ ಆದದ್ದು. ಆ ಮಾತನ್ನೂ ಸಮಿತಿಗೆ ಬರೆದಿದ್ದೇನೆ.

ವಾಲ್ದೆಮಾರ್


ವಿಟೋರಿಯಾ
12 ಜುಲೈ 2019

ದೋನ್ ವಾಲ್ದೆಮಾರ್,

ಸಮಿತಿ ಹದಿನೇಳನೆಯದನ್ನು ಹೊಡೆದುಹಾಕಿದೆ. ಈಗ ಇಪ್ಪತ್ತಮೂರು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಒಬ್ಬ ಬಂದು, "ನಿನ್ನ ಮುದುಕ ನಿನ್ನನ್ನೇ ಮುಳುಗಿಸಿದ್ನಲ್ಲ" ಅಂದ.

ಎರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ನನ್ನನ್ನು ಒಂದು ಮಾತು ಕೇಳದೆ ಕೊಟ್ಟುಬಿಟ್ಟಿರಿ. ಅದು ನನ್ನದಾಗಿತ್ತು ಅಂತ ಬರೆದಿದ್ದೆ. ನಿಮ್ಮ ಜಂಬಕ್ಕೆ ಅಲ್ಲ ಬರೆದದ್ದು.

ಸದ್ಯಕ್ಕೆ ಬರೆಯುವ ಮನಸ್ಸಿಲ್ಲ.

ಯಾನಿನಾ


ಲಾ ಪಲೋಮಾ
29 ಜುಲೈ 2019

ಮಗಳೇ,

ನೀನು ಬರೆದದ್ದು ಸರಿ. ಕೇಳಬೇಕಿತ್ತು. ಕೇಳಿದರೆ ನೀನು ಬೇಡ ಅನ್ನುತ್ತೀಯ, ಬೇಡ ಅಂದರೆ ನನಗೆ ಧೈರ್ಯ ಇರುವುದಿಲ್ಲ ಅಂತ ಕೇಳಲಿಲ್ಲ. ಇಷ್ಟೇ ನನ್ನ ಕಡೆಯ ಮಾತು. ಅದಕ್ಕೆ ಉತ್ತರ ಬೇಡ.

ಕಂಪನಿಯಿಂದ ನನಗೂ ಒಂದು ಕಾಗದ ಬಂತು, ತುಂಬಾ ಮರ್ಯಾದೆಯಿಂದ ಬರೆದಿದ್ದಾರೆ. ನನ್ನ ಸೇವೆಗೆ ಕೃತಜ್ಞತೆ ಹೇಳಿದ್ದಾರೆ. ನಾನು ಆರಾಮಾಗಿದ್ದೇನೆ. ಬಸಿಲಿಯೋ ಹೊಸ ಕೆಟಲ್ ತಂದುಕೊಟ್ಟಿದ್ದಾನೆ, ಹಳೆಯದರ ಕಾಟ ತಡೆಯಲಾರದೆ. ಮಳೆ ಬಂದ ದಿನ ಟೋರ್ಟಾ ಫ್ರೀಟಾ ಕರಿದೆವು, ಹಿಟ್ಟು ಜಾಸ್ತಿ ನಾದಿದೆ ಅಂತ ಅವನು, ಎಣ್ಣೆ ಕಾಯಲಿಲ್ಲ ಅಂತ ನಾನು. ಚಪ್ಪಲಿಯ ಹಾಗಿದ್ದವು. ತಿಂದೆವು.

ಚಳಿ ಇದೆ. ನೀನು ಸಮುದ್ರಕ್ಕೆ ಹೋಗುವುದಾದರೆ ಒಳಗೆ ಉಣ್ಣೆಯದು ಹಾಕಿಕೋ. ಬ್ರೆಜಿಲ್ ಅಂತ ಮೋಸ ಹೋಗಬೇಡ.

ವಾಲ್ದೆಮಾರ್


ವಿಟೋರಿಯಾದ ಆಚೆ, ಹಡಗಿನಿಂದ
5 ಸೆಪ್ಟೆಂಬರ್ 2019

ಪ್ರೀತಿಯ ದೋನ್ ವಾಲ್ದೆಮಾರ್,

ಹಗ್ಗಗಳು ಕಟ್ಟಾಗಿವೆ, ಕೊಳವೆಗಳಲ್ಲಿ ಎಣ್ಣೆ ಹರಿಯುತ್ತಿದೆ. ಇನ್ನು ಹದಿನೆಂಟು ಗಂಟೆ ಕಾಯುವುದೇ ಕೆಲಸ. ಮಧ್ಯಾಹ್ನ ಎರಡು ಗಂಟೆ, ಬಿಸಿಲಿದೆ. ಉಣ್ಣೆಯದು ಹಾಕಿಕೊಂಡು ಬೆವರುತ್ತಿದ್ದೇನೆ.

ಮೊದಲು ಬೇರೆ ವಿಷಯ. ನಿವೃತ್ತಿಯ ಮೇಲೂ ನಿಮ್ಮ ಹೆಸರಿದ್ದ ಪರೀಕ್ಷಕರ ಪಟ್ಟಿಯಿಂದ ಕಂಪನಿ ನಿಮ್ಮನ್ನು ತೆಗೆದದ್ದು, ಇನ್ನು ಮುಂದೆ ಯಾವ ಹಡಗಿಗೂ ಕರೆಯುವುದಿಲ್ಲ ಅಂದದ್ದು, ನನಗೆ ಹೋದ ವಾರ ಗೊತ್ತಾಯಿತು. ನೀವು ಕೃತಜ್ಞತೆ ಹೇಳಿದ್ದಾರೆ ಅಂತ ಬರೆದಿರಿ. ಅವರ ಕಾಗದದ ಮೊದಲ ಸಾಲನ್ನು ಮಾತ್ರ ಓದಿದವರ ಹಾಗೆ. ನಾನು ಹೀಗೆ ಅರ್ಧ ಮಾತ್ರ ಹೇಳಿದ್ದರೆ ಅದನ್ನು ಏನನ್ನುತ್ತಿದ್ದಿರಿ ಅಂತ ನನಗೆ ಗೊತ್ತು. ಸಿಟ್ಟು ಇಳಿಯಲು ಇನ್ನೂ ಒಂದಷ್ಟು ದಿನ ಬೇಕಾಗಿತ್ತು, ಈ ಸುದ್ದಿ ಬಂದು ಅದನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲದ ಹಾಗಾಯಿತು.

ಈಗ ಇವತ್ತಿನದು. ಸಮಿತಿಯವರು ಜಾಗವನ್ನು ಈ ವಾರದವರೆಗೆ ಹಿಡಿದಿಟ್ಟು, ಒಂದೇ ಒಂದು ಜೋಡಣೆಗೆ ಅವಕಾಶ ಕೊಟ್ಟರು. ಪರೀಕ್ಷಕರು ಕ್ಯಾಪ್ಟನ್ ತೆಯೋಟೋನಿಯೋ. ಅರವತ್ತು ದಾಟಿದವರು, ಬಾಯಿಬಿಟ್ಟರೆ ಮುತ್ತು ಉದುರಿಬಿಡುತ್ತದೋ ಅನ್ನುವ ಹಾಗೆ ಅಳೆದು ಮಾತಾಡುವವರು. ದೋಣಿಯಲ್ಲಿ ಬರುವಾಗ ಒಂದೇ ಒಂದು ಮಾತು ಆಡಿದರು. "ಬೆಂಟಾಂಕೋರ್ ಅವರ ಕಾಗದ ಓದಿದೀನಿ. ಇಂಗ್ಲಿಷ್ ಚೆನ್ನಾಗಿಲ್ಲ." ಅಷ್ಟು ಹೇಳಿ ಕಡಲು ನೋಡುತ್ತಾ ಕೂತರು.

ನಾನು ಚುಕ್ಕಾಣಿ ಕೋಣೆಯ ಹೊರಗೆ ನಿಂತೆ. ಅವರು ಎರಡು ಹೆಜ್ಜೆ ಹಿಂದೆ. ನಾನೂರು ಮೀಟರ್, ಮುನ್ನೂರು. ಸಂಖ್ಯೆ ಕೇಳುತ್ತಾ ಹೋದೆ. ಚುಕ್ಕಾಣಿ ಬಲಕ್ಕೆ ಎರಡು. ವೇಗ ನಾಲ್ಕು ಮುಕ್ಕಾಲು. ಗಾಳಿ ಹನ್ನೊಂದು. ಎಲ್ಲ ಉತ್ತರಗಳೂ ಕೂಡಲೇ ಬಂದವು, ಎಲ್ಲವೂ ಸರಿಯಿದ್ದವು.

ನಿಮಗೆ ಮಾತ್ರ ಹೇಳುತ್ತೇನೆ. ಇನ್ನೂರು ಮೀಟರಿನಲ್ಲಿ ನನಗೆ ಬಿಟ್ಟುಬಿಡೋಣ, ಹೊರಗೆ ಹೊರಳಿಸೋಣ ಅನ್ನಿಸಿತು. ಅಪಾಯ ಏನೂ ಇರಲಿಲ್ಲ. ಹಿಂದೆ ನಿಂತವರು ಆ ಕಾಗದ ಓದಿದ್ದಾರಲ್ಲ, ಅದನ್ನೇ ನೋಡಲು ಬಂದಿದ್ದಾರೆ ಅನ್ನಿಸಿತು. ಒಂದು ಸಲ ತಡೆದು ತೋರಿಸಿದರೆ ಇವಳು ಅವಳೇ ಅಂತ ಬರೆದುಕೊಳ್ಳುತ್ತಾರೆ. ಬಾಯಿಯವರೆಗೂ ಬಂದಿತ್ತು. ರೇಡಿಯೋ ತುಟಿಗೆ ಹಿಡಿದು ಇನ್ನೊಮ್ಮೆ ಚುಕ್ಕಾಣಿ ಎಷ್ಟು ಅಂದೆ. ಎರಡು ಅಂದ. ಎರಡು ಅಂದರೆ ಎರಡೇ. ಅಲ್ಲಿ ತಡೆಯುವಂಥದ್ದು ಏನೂ ಇರಲಿಲ್ಲ. ಮುಂದೆ ಹೋಗಿ ಅಂದೆ.

ಐವತ್ತು ಮೀಟರ್, ಇಪ್ಪತ್ತು. ಫೆಂಡರುಗಳು ಒಂದೊಂದಾಗಿ ಒತ್ತಿಕೊಂಡು ಉಸಿರು ಬಿಟ್ಟವು. ಮೊದಲ ಹಗ್ಗ ದಾಟಿತು, ಎರಡನೆಯದು ದಾಟಿತು. ಆ ಕಡೆಯ ಹಡಗಿನಲ್ಲಿ ಒಬ್ಬ ಕಿತ್ತಳೆ ಸುಲಿಯುತ್ತಾ ನಿಂತಿದ್ದ. ಅಷ್ಟು ಹತ್ತಿರ ಬಂದೆವು, ಅವನು ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

ಕ್ಯಾಪ್ಟನ್ ತೆಯೋಟೋನಿಯೋ ಕೆಳಗೆ ಬಂದು ಕೈ ತೊಳೆದು, ಒರೆಸಿಕೊಂಡು, ಪುಸ್ತಕ ಕೇಳಿ ಇಪ್ಪತ್ತನಾಲ್ಕನೆಯದಕ್ಕೆ ಸಹಿ ಹಾಕಿದರು. ಷರಾ ಬರೆಯುವ ಜಾಗವನ್ನು ಸುಮಾರು ಹೊತ್ತು ನೋಡುತ್ತಿದ್ದರು. ಆಮೇಲೆ ಒಂದು ಸಾಲು ಬರೆದು ನನ್ನ ಕಡೆ ತಳ್ಳಿ, ಊಟ ಎಷ್ಟು ಹೊತ್ತಿಗೆ ಅಂತ ಅಡುಗೆಯವನನ್ನು ಕೇಳಲು ಹೋದರು.

ಆ ಸಾಲು ಇಷ್ಟೇ, ದೋನ್ ವಾಲ್ದೆಮಾರ್: 'ನಾನು ಪೂರ್ತಿ ಅಲ್ಲೇ ಇದ್ದೆ. ಬರೆಯುವಂಥದ್ದು ಏನೂ ನಡೆಯಲಿಲ್ಲ.'

ನಿಮ್ಮ
ಯಾನಿನಾ